ಎರಡನೆಯ ಐದು

ಮಾವ ಪೇಪರಿನಲ್ಲಿ ತಪ್ಪು ಹಿಡಿಯುವುದನ್ನು ನಿಲ್ಲಿಸಿದ್ದೇ ಹಿರಿಸೊಸೆಗೆ ಅನುಮಾನ ತಂದಿತು.

ಜೀವಮಾನವೆಲ್ಲ ಅಚ್ಚುಕೂಟದಲ್ಲಿ ಕೂತು ಕರಡು ತಿದ್ದಿದ ಮನುಷ್ಯ ಅವರು. ಕೆಲಸ ಬಿಟ್ಟ ಮೇಲೂ ಚಟ ಬಿಟ್ಟಿರಲಿಲ್ಲ. ಬೆಳಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಪೇಪರು, ಮನೆ ತುಂಬ ಅವರದೇ ಗೊಣಗಾಟ. "ನೋಡಮ್ಮ, ಮಂತ್ರಿಗಳಿಗೆ ಕೊಂಬು ಬಂದಿದೆ. ಮುಂತ್ರಿ ಅಂತ ಹಾಕಿದಾರೆ." ಇನ್ನೊಂದು ದಿನ ದೀರ್ಘ ನುಂಗಿದರು ಅಂತ, ಮತ್ತೊಂದು ದಿನ ಒತ್ತಕ್ಷರ ಜಾರಿ ಬಿತ್ತು ಅಂತ. ಆ ಗೊಣಗಾಟ ಕೇಳಿಸದೆ ಈ ಮನೆಯಲ್ಲಿ ಬೆಳಗಾಗುತ್ತಲೇ ಇರಲಿಲ್ಲ.

ಅಂಥವರು ಒಂದಷ್ಟು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಪೇಪರು ಬಿಡಿಸುತ್ತಾರೆ, ಹದವಾಗಿ ಪುಟ ಮಗುಚುತ್ತಾರೆ, ಮಡಚಿಡುತ್ತಾರೆ.

"ಏನು ಮಾವ, ಇವತ್ತೂ ತಪ್ಪು ಸಿಗಲಿಲ್ವಾ?"

"ಪೇಪರಿನವರು ಸುಧಾರಿಸಿದಾರಮ್ಮ."

ಹಿರಿಸೊಸೆ ಪೇಪರು ತೆಗೆದು ನೋಡಿದಳು. ಮೊದಲ ಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದ ಹವಾಮಾನ ಸುದ್ದಿಯಲ್ಲಿ, ನಾಳೆಯೂ ಭಾರಿ ಮೊಳೆ ಬೀಳುವ ಸಾಧ್ಯತೆ ಇದೆ ಎಂದಿತ್ತು. ಆಕಾಶದಿಂದ ಮೊಳೆ ಉದುರಿದರೂ ಮಾವ ಸುಮ್ಮನಿದ್ದಾರೆ ಎಂದರೆ ಇದು ಪೇಪರಿನವರ ಸುಧಾರಣೆಯಲ್ಲ ಎಂದು ಅವಳಿಗೆ ಗೊತ್ತಾಯಿತು.

ತನ್ನ ಕನ್ನಡಕ ಬದಲಾಯಿಸಬೇಕು, ಜೊತೆಗೆ ಬನ್ನಿ ಮಾವ, ಎಂದು ನೆಪ ಹೂಡಿ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನೋಡಿ, ಕಣ್ಣಿನ ನಡುಭಾಗ ಮಬ್ಬಾಗಿದೆ, ಇದು ಕನ್ನಡಕಕ್ಕೆ ಬಗ್ಗುವ ತೊಂದರೆಯಲ್ಲ, ಅಕ್ಷರ ದೊಡ್ಡದಾಗಿದ್ದರೆ ಓದಬಹುದು ಎಂದರು. ಹಿಂದಿರುಗುವ ದಾರಿಯಲ್ಲಿ ಮಾವ ಒಂದೇ ಮಾತು ಹೇಳಿದರು.

"ಕರಡು ತಿದ್ದೋನಿಗೆ ಕಣ್ಣಿಲ್ಲ ಅಂತ ಊರಿಗೆ ಸಾರಬೇಡ. ನನ್ನ ಮಕ್ಕಳಿಗೂ ಹೇಳಬೇಡ."

"ಆಯ್ತು ಮಾವ. ನಾನೇ ದಿನಾ ಓದಿ ಹೇಳ್ತೀನಿ."

"ಓದಿ ಹೇಳೋಕೆ ನಾನೇನು ತೊಟ್ಟಿಲಲ್ಲಿದೀನಾ?"

ಮಕ್ಕಳಿಗೆ ಹೇಳಲಿಲ್ಲ. ಆದರೆ ಓರಗಿತ್ತಿಗೆ ಹೇಳಬಾರದು ಅಂತ ಮಾವ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ, ಆ ಸಂದಿಯಲ್ಲಿ ಹಿರಿಸೊಸೆ ನುಸುಳಿಕೊಂಡಳು. ಕಿರಿಸೊಸೆ ಬೇರೆ ಊರಿನಲ್ಲಿ ಕಂಪ್ಯೂಟರು ಜೋಡಿಸಿ ಕೊಡುವ ಕಂಪನಿಯಲ್ಲಿ ಕೆಲಸಕ್ಕಿದ್ದವಳು. ಹಿರಿಸೊಸೆ ನೋಡಿಕೊಳ್ಳುತ್ತಿದ್ದ ವಾಚನಾಲಯದ ಕಂಪ್ಯೂಟರುಗಳನ್ನು ಜೋಡಿಸಿ ಕೊಟ್ಟವಳೂ ಅವಳೇ.

ವಾಚನಾಲಯವೆಂದರೆ ಉದ್ದನೆಯ ಒಂದು ಕೋಣೆ, ಎತ್ತರದ ಕಿಟಕಿಗಳು, ಗೋಡೆಗುಂಟ ಒಂದು ಮೇಜು, ಅದರ ಮೇಲೆ ಸಾಲಾಗಿ ಒಂಬತ್ತು ಕಂಪ್ಯೂಟರು. ಕಾಗದದ ಪೇಪರು ತರಿಸುವುದನ್ನು ನಿಲ್ಲಿಸಿ, ಎಲ್ಲ ಪತ್ರಿಕೆಗಳನ್ನೂ ತೆರೆಯ ಮೇಲೆಯೇ ಓದುವಂತೆ ಮಾಡಿದ್ದರು. ಒಂಬತ್ತಕ್ಕೂ ಒಳಗೆ ಡಿಸ್ಕ್ ಇರಲಿಲ್ಲ, ಅಗ್ಗವಾಗಲಿ ಅಂತ. ಅವುಗಳ ಬುದ್ಧಿಯೆಲ್ಲ ಹಿಂದಿನ ಕೋಣೆಯ ಒಂದು ಕಪ್ಪು ಪೆಟ್ಟಿಗೆಯಲ್ಲಿತ್ತು. ಈ ಜಾಗದ ಕಾರ್ಯದರ್ಶಿ ಒಬ್ಬರು ನಿವೃತ್ತ ಮೇಷ್ಟ್ರು. ಯಾರಾದರೂ ಕುರ್ಚಿ ಎಳೆದರೂ ಬೆರಳು ತುಟಿಗೆ ಹೋಗುತ್ತಿತ್ತು, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಉಶ್ ಮೇಷ್ಟ್ರು.

ಹಿರಿಸೊಸೆ ಫೋನು ಹಚ್ಚಿ ಕೇಳಿದಳು. "ಲೇ, ಒಂಬತ್ತರಲ್ಲಿ ಒಂದು ಮಾತ್ರ ದೊಡ್ಡ ಅಕ್ಷರದಲ್ಲಿ ಏಳೋ ಹಾಗೆ ಮಾಡೋಕಾಗುತ್ತಾ? ಯಾರೂ ಬಂದು ಗುಂಡಿ ಒತ್ತಿ ಕೊಡಬಾರದು. ಅವರು ಬಂದು ಕೂತಾಗ ತಾನಾಗೇ ಹಾಗಿರಬೇಕು."

"ಆಗುತ್ತಕ್ಕ, ಸುಲಭ. ನಿಮ್ಮ ಕಂಪ್ಯೂಟರುಗಳಿಗೆ ಸ್ವಂತ ನೆನಪಿಲ್ಲ ನೋಡಿ. ಬೆಳಗ್ಗೆ ಎದ್ದ ತಕ್ಷಣ ನಾನ್ಯಾರು, ಎಲ್ಲಿದೀನಿ, ಏನು ಮಾಡ್ಲಿ ಅಂತ ಕೂಗ್ತವೆ."

"ನಿನ್ನ ಗಂಡನ ಥರ."

"ಆ ಗುಣ ನಿಮ್ಮ ಗಂಡನ್ನ ನೋಡಿ ಕಲಿತದ್ದು. ಕೇಳಿ. ಹಿಂದಿನ ಪೆಟ್ಟಿಗೆ ಅದಕ್ಕೊಂದು ಹೆಸರು ಕೊಡುತ್ತೆ, ಕೈಗೊಂದು ಪುಟಾಣಿ ಪ್ರೋಗ್ರಾಂ ಕೊಡುತ್ತೆ. ಬೂಟ್ ಲೋಡರ್ ಅಂತ. ಆ ಪುಟಾಣಿಗೆ ಲೋಕಜ್ಞಾನ ಏನೂ ಇಲ್ಲ. ಒಂದು ದಾರಿ ಮಾತ್ರ ಹೇಳಿಕೊಟ್ಟಿರ್ತೀವಿ, ಇಂಥ ಪೆಟ್ಟಿಗೆ, ಇಂಥ ಫೋಲ್ಡರ್ ಅಂತ. ಅದು ಆ ದಾರಿ ಹಿಡಿದು ಹೋಗಿ, ಆ ಫೋಲ್ಡರಿನಲ್ಲಿ ತನ್ನ ಯಂತ್ರದ ಹೆಸರಿನ ಚೀಟಿ ಇದೆಯಾ ಅಂತ ಹುಡುಕುತ್ತೆ. ಚೀಟಿಯಲ್ಲಿ ಹೇಗಿದೆಯೋ ಹಾಗೆ ಯಂತ್ರಾನ ಎಬ್ಬಿಸುತ್ತೆ."

"ಪಕ್ಕದ ಫೋಲ್ಡರಿನಲ್ಲಿದ್ರೆ?"

"ಪಕ್ಕಕ್ಕೆ ತಿರುಗಿಯೂ ನೋಡಲ್ಲ. ಹೇಳಿದ ದಾರಿ ಬಿಟ್ಟು ಹೆಜ್ಜೆ ಇಡಲ್ಲ."

"ಹಾಗಿದ್ರೆ ನಿನ್ನ ಗಂಡನ ಥರ ಅಲ್ಲ. ಚೀಟಿ ಇಲ್ಲದೇ ಇದ್ರೆ?"

"ಎಲ್ಲರಿಗೂ ಅಂತ ಡಿಫಾಲ್ಟ್ ಹೆಸರಿನ ಚೀಟಿ ಒಂದಿದೆ. ಈಗ ಒಂಬತ್ತೂ ಏಳ್ತಿರೋದು ಅದರ ಮಾತು ಕೇಳಿಕೊಂಡೇ. ನೀವು ಐದನೇ ಯಂತ್ರಕ್ಕೆ ಅಂತ ಒಂದು ಚೀಟಿ ಇಡಿ. ಚೀಟಿ ನಾನು ಕಳಿಸ್ತೀನಿ, ಹೆಸರು ಮೆಸೇಜು ಮಾಡ್ತೀನಿ, ಆ ಹೆಸರು ಹಾಕಿ ಫೋಲ್ಡರಿನಲ್ಲಿ ಉಳಿಸಿದ್ರೆ ಆಯ್ತು. ಪುಟ ತೆರೆದ್ರೆ ಅದೇ ಗಟ್ಟಿಯಾಗಿ ಓದಿ ಹೇಳೋ ಹಾಗೂ ಮಾಡಿರ್ತೀನಿ."

"ಓದಿ ಹೇಳೋದು ಬೇಡ ಕಣೇ. ತೊಟ್ಟಿಲು ಅಂತಾರೆ."

"ಹೆಡ್‌ಫೋನ್ ಸಿಕ್ಕಿಸಿಡಿ. ಬೇಕಾದ್ರೆ ಕಿವಿಗೆ ಹಾಕ್ಕೋತಾರೆ, ಬೇಡದಿದ್ರೆ ಮೇಜಿನ ಮೇಲಿರುತ್ತೆ."

ಮಾವನನ್ನು ಒಪ್ಪಿಸುವುದು ಇದರ ಹತ್ತು ಪಾಲು ಕೆಲಸ. ಹಿರಿಸೊಸೆ ಒಂದು ವಾರ ಸುತ್ತಿ ಬಳಸಿ ಮಾತಾಡಿದಳು. ಕಡೆಗೆ ಅವರು ಅವಳ ಕಾಟ ತಾಳಲಾರದೆ ಹೇಳಿದರು.

"ಒಂದು ಸಲ ಬರ್ತೀನಿ. ಒಂದೇ ಸಲ. ಅದು ನನಗೋಸ್ಕರ ಮಾಡಿದ್ದು ಅಂತ ಅಲ್ಲಿ ಒಬ್ಬರಿಗೆ ಗೊತ್ತಾದ್ರೂ ಎದ್ದು ಬರ್ತೀನಿ, ಮತ್ತೆ ಆ ಮಾತು ಎತ್ತಬಾರದು."

"ಒಂದು ನರಪಿಳ್ಳೆಗೂ ಗೊತ್ತಾಗಲ್ಲ ಮಾವ."

ಹೀಗೆ ಎಲ್ಲವೂ ಆ ಒಂದು ಸಲದ ಮೇಲೆ ನಿಂತಿತು. ಅದು ಸರಿಹೋದರೆ ಮನೆಯಲ್ಲಿ ಗೊಣಗಾಟ ಮತ್ತೆ ಶುರುವಾಗುತ್ತದೆ. ತಪ್ಪಿದರೆ ಮಾವ ಸುಧಾರಿಸಿದ ಪೇಪರನ್ನು ಮಗುಚುತ್ತ ಕೂತೇ ಇರುತ್ತಾರೆ.

ಶನಿವಾರ ಸಂಜೆ ಓದುಗರು ಹೋದ ಮೇಲೆ ಹಿರಿಸೊಸೆ ಹಿಂದಿನ ಕೋಣೆಯಲ್ಲಿ ಕೂತು, ಫೋನು ಪಕ್ಕದಲ್ಲಿಟ್ಟುಕೊಂಡು, ಚೀಟಿಗೆ ಹೆಸರು ಟೈಪು ಮಾಡಿದಳು. ಸಿ, ಸೊನ್ನೆ, ಎ, ಎಂಟು, ಸೊನ್ನೆ, ಒಂದು, ಐದು, ಐದು.

ಕೊನೆಗೆ ಬಂದು ಬೆರಳು ನಿಂತಿತು. ಎರಡು ಐದು. ಕಿರಿಸೊಸೆಯ ಫೋನಿನ ಕಥೆ ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ತೆರೆ ಒಡೆದು, ಒಂದು ಸಲ ಮುಟ್ಟಿದರೆ ಅಕ್ಷರ ಎರಡು ಸಲ ಬೀಳುತ್ತಿತ್ತು. ಅಂದು ಬಂದ ಮೆಸೇಜಿನ ಮೊದಲ ಸಾಲೇ 'ಅಕ್ಕ ಊಟಟ ಆಯ್ತಾ' ಎಂದಿತ್ತು. ಅದಲ್ಲದೆ, ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅಚ್ಚುಕೂಟದಿಂದ ತಂದ ಕರಡುಗಳನ್ನು ಇವಳನ್ನು ಎದುರಿಗೆ ಕೂರಿಸಿಕೊಂಡು ನೋಡುತ್ತಿದ್ದರು. ಅವರು ಕಲಿಸಿದ ಮೊದಲ ಪಾಠವೇ ಜೋಡಿ ಬಿದ್ದ ಅಕ್ಷರದ್ದು. ಅಚ್ಚಿನ ಮೊಳೆ ಜೋಡಿಸುವವನ ಕೈಗೆ ಒಂದರ ಬದಲು ಎರಡು ಬರುವುದು ಅಚ್ಚುಕೂಟದಲ್ಲಿ ದಿನಾ ನಡೆಯುವುದಂತೆ. ಕಂಡರೆ ಯೋಚನೆ ಮಾಡಬೇಡ, ಒಂದನ್ನು ಹೊಡೆದು ಮುಂದೆ ಹೋಗು. ಆ ಪಾಠ ಅವಳ ಕಣ್ಣಿಗೆ ಅಂಟಿಕೊಂಡುಬಿಟ್ಟಿತ್ತು. ಈಗಲೂ ಯೋಚನೆ ಮಾಡಲಿಲ್ಲ. ಒಂದು ಐದನ್ನು ಹೊಡೆದು ಉಳಿಸಿದಳು.

ಐದನೆಯ ಯಂತ್ರ ಹಚ್ಚಿ ನೋಡಿದಳು. ಅಕ್ಷರಗಳು ಅಂಗಡಿ ಬೋರ್ಡಿನ ಹಾಗೆ ಎದ್ದವು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಿಕ್ಕ ಎಂಟನ್ನು ಹಚ್ಚಿ ನೋಡುವ ಗೋಜಿಗೆ ಅವಳು ಹೋಗಲಿಲ್ಲ. ಅವುಗಳನ್ನು ಮುಟ್ಟಿಯೇ ಇಲ್ಲವಲ್ಲ.

ಸೋಮವಾರ ಬೆಳಗ್ಗೆ ಮೇಜಿನ ಮೇನ್ ಸ್ವಿಚ್ಚು ಮೇಲೆತ್ತಿ, ಕಿಟಕಿಗಳನ್ನು ತೆರೆದು, ಬಾಗಿಲು ತೆಗೆದಳು. ಖಾಯಂ ಓದುಗರು ತಂತಮ್ಮ ಜಾಗಕ್ಕೆ ಹೋಗಿ ಕೂತರು. ಎರಡನೆಯದರಲ್ಲಿ ಔಷಧಿ ಅಂಗಡಿಯವರು, ಮೂರನೆಯದರಲ್ಲಿ ದರ್ಜಿ, ಏಳನೆಯದರಲ್ಲಿ ಸದಾ ಗಂಭೀರ ಮುಖದ ಕಾಲೇಜು ಲೆಕ್ಚರರು. ಐದನೆಯದರ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಜಾಗ ಹಿಡಿದಿದ್ದಳು.

ಮೊದಲು ಔಷಧಿ ಅಂಗಡಿಯವರ ಯಂತ್ರ ಬಾಯಿ ಬಿಟ್ಟಿತು. ಹೆಣ್ಣು ದನಿ, ಸ್ಪಷ್ಟ ಉಚ್ಚಾರ, ಕೋಣೆಯ ಆ ತುದಿಗೂ ಕೇಳುವಷ್ಟು ಗಟ್ಟಿ.

"ಗೊರಕೆಗೆ ಮನೆಮದ್ದು. ಹೆಂಡತಿ ಬೇರೆ ಕೋಣೆಗೆ ಹೋಗುವ ಮುನ್ನ ನೀವು ಮಾಡಬೇಕಾದ್ದು."

ಅವರು ಎರಡೂ ಕೈಯಿಂದ ತೆರೆ ಮುಚ್ಚಿದರು. ದನಿಯನ್ನು ಮುಚ್ಚಲು ಕೈ ಸಾಲಲಿಲ್ಲ. ಅಷ್ಟರಲ್ಲಿ ದರ್ಜಿಯ ಯಂತ್ರ, ಈ ವಾರ ಈ ರಾಶಿಯವರು ಹೊಸ ಬಟ್ಟೆ ಹೊಲಿಸದಿರುವುದು ಒಳಿತು, ಎಂದು ಭವಿಷ್ಯ ನುಡಿಯಿತು. ಲೆಕ್ಚರರು ಎಂದೂ ದಪ್ಪ ದಪ್ಪ ತಾತ್ವಿಕ ಲೇಖನ ಓದುವವರಂತೆ ಹಣೆ ಗಂಟಿಕ್ಕಿ ಕೂರುತ್ತಿದ್ದವರು. ಅವರ ಯಂತ್ರ ಸಿನಿಮಾ ನಟಿಯೊಬ್ಬಳ ಮೂರನೆಯ ಮದುವೆಯ ಸೀರೆಯ ಬಣ್ಣ ಹೇಳತೊಡಗಿತು.

"ನೀವು ತತ್ವಶಾಸ್ತ್ರದವರಲ್ವೇ ಸಾರ್?" ಎಂದ ದರ್ಜಿ.

"ಪುಟ ತಾನಾಗೇ ತೆರೆದುಕೊಂಡಿತು."

"ನಂದೂ ಹಾಗೇ," ಎಂದರು ಔಷಧಿ ಅಂಗಡಿಯವರು ತಕ್ಷಣ.

ಹಿರಿಸೊಸೆ ಕಕ್ಕಾಬಿಕ್ಕಿಯಾಗಿ ಸಾಲಿನುದ್ದಕ್ಕೂ ನೋಡಿದಳು. ಎಲ್ಲ ತೆರೆಗಳಲ್ಲೂ ಅಂಗಡಿ ಬೋರ್ಡಿನ ಅಕ್ಷರ. ನಾಲ್ಕಾರು ದನಿ ಒಂದರ ಮೇಲೊಂದು ಬಿದ್ದು ಸಂತೆ ನೆರೆದಂತಾಗಿತ್ತು. ಹೆಡ್‌ಫೋನ್ ಸಿಕ್ಕಿಸಿದ್ದ ಐದನೆಯದು ಮಾತ್ರ ಮೂಕವಾಗಿತ್ತು. ಉಶ್ ಮೇಷ್ಟ್ರು ಬೆರಳು ತುಟಿಗಿಟ್ಟುಕೊಂಡು ಒಂದೊಂದೇ ಯಂತ್ರದ ಮುಂದೆ ನಿಂತು ಉಶ್ ಎನ್ನುತ್ತ ಹೊರಟಿದ್ದರು. ಯಂತ್ರಗಳಿಗೆ ಅವರ ಪರಿಚಯವಿರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಮಾವ ಬಾಗಿಲಲ್ಲಿ ಕಾಣಿಸಿಕೊಂಡರು. ಮೋಡದ ತುಣುಕೂ ಇಲ್ಲದ ಬೆಳಗಿನಲ್ಲಿ ಕೈಯಲ್ಲಿ ಛತ್ರಿ.

"ಛತ್ರಿ ಮರೆತು ಬಂದಿದ್ದೆಯಲ್ಲಮ್ಮ, ಕೊಟ್ಟು ಹೋಗೋಣ ಅಂತ ಬಂದೆ," ಎಂದರು, ನಾಲ್ಕು ಜನಕ್ಕೆ ಕೇಳಲಿ ಎಂಬಂತೆ.

ಈಗ ತಿರುಗಿ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು ಅಂದುಕೊಂಡಳು ಹಿರಿಸೊಸೆ. ಆದರೆ ಮಾವ ಒಳಗೆ ಬಂದು, ಸಾಲಿನ ಹಿಂದೆ ನಿಧಾನವಾಗಿ ನಡೆದು, ಕತ್ತು ವಾರೆ ಮಾಡಿ ಒಂದೊಂದೇ ತೆರೆ ನೋಡಿದರು. ಮುಖದ ಬಿಗುವು ಸಡಿಲಾಯಿತು.

"ಇಲ್ಲಿ ಎಲ್ಲರಿಗೂ ಹೀಗೇನಾ?" ಎಂದು ಮೆಲ್ಲಗೆ ಕೇಳಿದರು.

"ಹೂಂ ಮಾವ. ಇವತ್ತಂತೂ ಎಲ್ಲರಿಗೂ ಹೀಗೇ."

"ಒಳ್ಳೇ ಏರ್ಪಾಡು." ಕುರ್ಚಿಯ ಮೇಲಿನ ಚೀಲವನ್ನು ಅವಳ ಕೈಗೆ ಕೊಟ್ಟು, ಛತ್ರಿಯನ್ನು ಮೇಜಿಗೆ ಒರಗಿಸಿ, ಐದನೆಯದರ ಮುಂದೆ ಕೂತರು.

ಅವಳು ಎರಡು ಹೆಜ್ಜೆ ಹಿಂದೆ ನಿಂತು ಕಾದಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಆ ಗದ್ದಲದ ನಡುವೆ, ಇಷ್ಟು ದಿನದಿಂದ ಅವಳ ಕಿವಿ ಕಾದಿದ್ದ ಆ ಸದ್ದು ಬಂತು.

"ಥೂ, ಇವರ. ಹೊಸ ಕಾಯಿದೆಯ ಕರಡಿ ಸಿದ್ಧವಾಗಿದೆ ಅಂತೆ. ಕರಡಿಯಂತೆ. ಬೋನಿನಲ್ಲಿಟ್ಟು ಮಂಡಿಸ್ತಾರೇನೋ."

ಹಿರಿಸೊಸೆ ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರೂ ಬಂದು ಕೂರದ ಒಂಬತ್ತನೆಯ ಯಂತ್ರದ ಹತ್ತಿರ ಹೋಗಿ ಕಿರಿಸೊಸೆಗೆ ಫೋನು ಮಾಡಿದಳು.

"ಏನಕ್ಕ ಅದು ಗದ್ದಲ? ಬಸ್ ಸ್ಟ್ಯಾಂಡಿನಲ್ಲಿದೀರಾ?"

"ವಾಚನಾಲಯದಲ್ಲಿದೀನಿ. ನಿನ್ನ ಚೀಟಿ ಒಂದಕ್ಕೆ ಹೇಳಿದ್ದನ್ನ ಒಂಬತ್ತೂ ಕೇಳಿವೆ."

"ಸಾಧ್ಯವೇ ಇಲ್ಲ. ಒಂದನ್ನ ಪೂರ್ತಿ ಆರಿಸಿ ಮತ್ತೆ ಹಚ್ಚಿ. ಚಿತ್ರ ಬರೋದಕ್ಕೆ ಮುಂಚೆ ಕಪ್ಪು ತೆರೆ ಮೇಲೆ ಬಿಳಿ ಸಾಲು ಓಡುತ್ತಲ್ಲ, ಅದನ್ನ ಓದಿ."

ದಿನಾ ಕಣ್ಣೆದುರು ಓಡುತ್ತಿದ್ದ ಆ ಸಾಲುಗಳನ್ನು ಹಿರಿಸೊಸೆ ಒಂದು ದಿನವೂ ಓದಿರಲಿಲ್ಲ. ಈಗ ಬಗ್ಗಿ ಓದಿದಳು. "ಸಿ ಸೊನ್ನೆ ಎ ಎಂಟು ಸೊನ್ನೆ ಒಂದು ಐದು ಒಂಬತ್ತು. ಇಲ್ಲ ಅಂತಿದೆ. ಅದರ ಕೆಳಗೆ ಮತ್ತೆ ಅದೇ ಹೆಸರು, ಕೊನೆಯ ಒಂಬತ್ತು ಮಾತ್ರ ಬಿಟ್ಟಿದೆ. ಅದು ಸಿಕ್ತು ಅಂತಿದೆ. ಇಗೋ, ದೊಡ್ಡಕ್ಷರ ಬಂತು."

"ಏಳಕ್ಷರದ್ದು ಸಿಕ್ತಾ? ಅಲ್ಲಿ ಏಳಕ್ಷರದ ಚೀಟಿ ಯಾರಿಟ್ಟರು?"

"ಯಾರಿಡ್ತಾರೆ, ನಾನೊಬ್ಬಳೇ ಇಟ್ಟದ್ದು. ನೀನು ಕಳಿಸಿದ್ದು. ಸಿ ಸೊನ್ನೆ ಎ ಎಂಟು ಸೊನ್ನೆ ಒಂದು ಐದು."

"ಇನ್ನೊಂದು ಐದು?"

"ಯಾವ ಇನ್ನೊಂದು ಐದು? ಊಟಟ ಅಂತ ಬರೆಯೋ ಫೋನು ನಿಂದು. ಜೋಡಿ ಬಿದ್ದಿತ್ತು, ಹೊಡೆದು ಹಾಕಿದೆ."

ಆ ಕಡೆ ಕಿರಿಸೊಸೆ ನಕ್ಕ ನಗೆಗೆ ಹಿರಿಸೊಸೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಮಾವನಿಗೆ ತಕ್ಕ ಸೊಸೆ ನೀವು. ತಪ್ಪಿಲ್ಲದ ಕಡೆನೂ ತಿದ್ದಿದೀರಿ. ಅಕ್ಕ, ಮೊದಲ ಏಳಕ್ಷರ ಒಂಬತ್ತಕ್ಕೂ ಒಂದೇ, ಮನೆತನದ ಹೆಸರು ಅಂದ್ಕೊಳ್ಳಿ. ಕೊನೆಯದೊಂದೇ ಅವುಗಳ ಸ್ವಂತದ್ದು. ಒಂದನೇದಕ್ಕೆ ಒಂದು, ಎರಡನೇದಕ್ಕೆ ಎರಡು, ಐದನೇದಕ್ಕೆ ಐದು. ನೀವು ಸ್ವಂತ ಹೆಸರು ಹೊಡೆದು ಮನೆತನದ ಹೆಸರಲ್ಲಿ ಚೀಟಿ ಇಟ್ಟಿದೀರಿ."

"ಅವು ತಮ್ಮ ಪೂರ್ತಿ ಹೆಸರಿನ ಚೀಟಿ ಸಿಗಲಿಲ್ಲ ಅಂತ ನೇರ ಡಿಫಾಲ್ಟಿಗೆ ಹೋಗಬೇಕಿತ್ತಲ್ಲ. ನೀನೇ ಹೇಳಿದ್ದು."

"ನಡುವೆ ಒಂದಿಷ್ಟಿದೆ, ಹೇಳೋದು ಮರೆತೆ. ಪೂರ್ತಿ ಹೆಸರು ಸಿಗದಿದ್ರೆ ಆ ಪುಟಾಣಿ ಸುಮ್ಮನೆ ಬಿಡಲ್ಲ. ಹೆಸರಿನ ಬಾಲದಿಂದ ಒಂದಕ್ಷರ ಕತ್ತರಿಸಿ ಮತ್ತೆ ಹುಡುಕುತ್ತೆ. ಸಿಗದಿದ್ರೆ ಇನ್ನೊಂದಕ್ಷರ ಕತ್ತರಿಸುತ್ತೆ. ಹೆಸರು ಪೂರ್ತಿ ಸವೆದು ಹೋದ ಮೇಲೇನೇ ಡಿಫಾಲ್ಟ್. ನಡುವೆ ಮೊದಲು ಯಾವುದು ಸಿಕ್ತೋ ಅದೇ ಅದಕ್ಕೆ ವೇದವಾಕ್ಯ, ಮುಂದೆ ನೋಡೋದೇ ಇಲ್ಲ."

"ಅಂದ್ರೆ ನಮ್ಮಜ್ಜಿ ಮೊಮ್ಮಕ್ಕಳನ್ನ ಕರೀತಿದ್ದ ಹಾಗೆ. ಮೊದಲು ಪೂರ್ತಿ ಹೆಸರು, ಬರದಿದ್ರೆ ಅರ್ಧ ಹೆಸರು, ಆಮೇಲೆ ಯಾರಾದ್ರೂ ಬನ್ರೇ ಅಂತ."

"ಹೂಂ. ನೀವು ಅರ್ಧ ಹೆಸರಿಗೇ ಓಗೊಟ್ಟು ನಿಂತಿದೀರಿ. ಈಗ ಆ ಐದನ್ನ ಸೇರಿಸಿ, ಒಂದೊಂದಾಗಿ ಎಲ್ಲ ಯಂತ್ರ ಆರಿಸಿ ಹಚ್ಚಿ. ಮಾವನದೊಂದು ಬಿಟ್ಟು. ಅದು ಎದ್ದಿದೆ, ಹಾಗೇ ಇರಲಿ."

ಹಿರಿಸೊಸೆ ಫೋನಿಟ್ಟಳು. ಐದು ಸೇರಿಸುವುದು ಒಂದು ಗುಂಡಿಯ ಕೆಲಸ. ಆದರೆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ ಮನಸ್ಸೇ ಬರಲಿಲ್ಲ. ಸರಿಪಡಿಸಿದ ಕೂಡಲೇ ಎಂಟು ತೆರೆಯಲ್ಲಿ ಸಣ್ಣಕ್ಷರ, ಒಂದರಲ್ಲಿ ದೊಡ್ಡದು. ಇಷ್ಟು ಹೊತ್ತು ಊರಿಗೆಲ್ಲ ಆದ ಅಪಘಾತದ ಮರೆಯಲ್ಲಿ ಮಾವ ಆರಾಮಾಗಿ ಕೂತಿದ್ದಾರೆ. ಮರೆ ಸರಿದರೆ ಅವರೊಬ್ಬರೇ ಬಯಲಿಗೆ ಬೀಳುತ್ತಾರೆ. ಅವಳು ಜಾಣಗಿವುಡಿಯಂತೆ ಪೆಟ್ಟಿಗೆಯ ಮುಂದೆ ಕೂತು, ಇರಲಿ, ಇನ್ನೊಂದಿಷ್ಟು ಓದಿಕೊಳ್ಳಲಿ, ಎಂದು ತಡ ಮಾಡಿದಳು.

ಮಾವ ಓದುತ್ತಿದ್ದುದು ವಾಚಕರ ಪತ್ರಗಳನ್ನು. ಊರಿನ ನೀರಿನ ಟ್ಯಾಂಕಿಗೆ ನೀಲಿ ಬಣ್ಣವೋ ಹಸಿರು ಬಣ್ಣವೋ ಎಂಬ ಜಗಳ ಆ ಅಂಕಣದಲ್ಲಿ ಬೇಸಿಗೆಯಿಂದ ನಡೆದಿತ್ತು. ದರ್ಜಿಯ ಅಂಗಡಿಯಿಂದ ಹಿಡಿದು ನಾಲ್ಕು ಜನ ಸೇರಿದ ಕಡೆಯೆಲ್ಲ ಅದರದೇ ಮಾತು. ಮಾವ ಇಷ್ಟು ದಿನ ಓದಿದವರ ಹಾಗೆ ತಲೆಯಾಡಿಸಿಕೊಂಡು ಬಂದಿದ್ದರು. ಈಗ ಸ್ವತಃ ಓದುತ್ತ, ಹಸಿರಿನ ಕಡೆಯವನ ಪತ್ರಕ್ಕೆ ಬಂದು, ಅವರ ಕತ್ತು ತೆರೆಯೊಳಗೇ ಹೋಗಿಬಿಟ್ಟಿತ್ತು.

ಉಶ್ ಮೇಷ್ಟ್ರು ಹಿಂದಿನ ಕೋಣೆಗೆ ಬಂದರು. ಮುಖ ಕೆಂಪೇರಿತ್ತು. "ಏನಮ್ಮ ಇದು? ವಾಚನಾಲಯ ಮಾಡಿದ್ದು ಮೌನವಾಗಿ ಓದೋದಕ್ಕೆ. ಇಲ್ಲಿ ಔಷಧಿ ಅಂಗಡಿಯವರ ಗೊರಕೆ ಊರಿಗೆಲ್ಲ ಗೊತ್ತಾಯ್ತು."

"ಸರಿ ಮಾಡ್ತಿದೀನಿ ಮೇಷ್ಟ್ರೇ."

"ಎಲ್ಲ ಮೊದಲಿನ ಹಾಗೇ ಆಗಬೇಕು. ಒಂದೂ ಬಿಡಬಾರದು."

ಇನ್ನು ತಡ ಮಾಡುವ ಹಾಗಿರಲಿಲ್ಲ. ಅವಳು ಚೀಟಿಯ ಹೆಸರಿಗೆ ಎರಡನೆಯ ಐದನ್ನು ಸೇರಿಸಿದಳು. ಎದ್ದು ಹೋಗಿ ಆ ತುದಿಯಿಂದ ಒಂದೊಂದೇ ಯಂತ್ರ ಆರಿಸಿ ಹಚ್ಚೋಣ, ಮಾವನ ಆಚೀಚಿನವನ್ನು ಕೊನೆಗೆ ಇಟ್ಟುಕೊಳ್ಳೋಣ, ಅಷ್ಟರಲ್ಲಿ ಅವರ ಓದು ಮುಗಿದೀತು ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡಳು.

ಮೇಷ್ಟ್ರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವಳು ಏಳುವಷ್ಟರಲ್ಲಿ ಅವರು ಹೊರಗೆ ಹೋಗಿ ಮೇಜಿನ ಮೇನ್ ಸ್ವಿಚ್ಚನ್ನೇ ಕೆಳಗೆಳೆದುಬಿಟ್ಟಿದ್ದರು. ಎಲ್ಲ ದನಿಗಳೂ ಒಟ್ಟಿಗೆ ನಿಂತವು. ಒಂಬತ್ತು ತೆರೆಗಳೂ ಕಪ್ಪಾದವು.

"ಅಯ್ಯೋ, ಗೋಡೆಗೇ ಅನ್ನೋ ಹೊತ್ತಿಗೆ," ಎಂದರು ಮಾವ.

"ಏನಾಯ್ತು ಯಜಮಾನರೇ?" ಎಂದ ದರ್ಜಿ.

"ಹಸಿರಿನವನು ಬರೆದಿದಾನೆ. ನೀಲಿ ಬಣ್ಣದ ಪರ ವಾದಿಸುವ ಮಹನೀಯರ ಬಂಡವಾಳ ನನಗೆ ಗೊತ್ತಿದೆ, ಅವರ ಸ್ವಂತ ಮನೆಯ ಹಿತ್ತಲ ಗೋಡೆಗೇ, ಅಂತ. ಅಲ್ಲಿಗೆ ಆರಿ ಹೋಯ್ತು."

"ಗೋಡೆಗೇ ಏನಂತೆ?"

"ಅದೇ ಗೊತ್ತಾಗಲಿಲ್ಲವಲ್ಲ." ಮಾವ ಎದ್ದು, ಮೂಲೆಯಲ್ಲಿದ್ದ ನೀರಿನ ಹೂಜಿಯ ಕಡೆ ಹೋದರು.

ಮೇಷ್ಟ್ರು ಸ್ವಿಚ್ಚನ್ನು ಮೇಲೆತ್ತಿದರು. ಎಲ್ಲ ಸರಿಯಾಯಿತೋ ಎಂದು ಸ್ವತಃ ಪರೀಕ್ಷೆ ಮಾಡಲು, ಹತ್ತಿರ ಖಾಲಿ ಇದ್ದ ಕುರ್ಚಿಯಲ್ಲಿ ಕೂತರು. ಅದು ಐದನೆಯದು. ಮಾವ ನೀರು ಕುಡಿದು ಬಂದು ನೋಡಿದರು, ತಮ್ಮ ಜಾಗದಲ್ಲಿ ಮೇಷ್ಟ್ರು. ಏನೂ ಅನ್ನದೆ ಪಕ್ಕದ ಆರನೆಯದರ ಮುಂದೆ ಕೂತರು. ಎಲ್ಲ ಒಂದೇ ತಾನೆ ಎಂದುಕೊಂಡಿರಬೇಕು.

ಕಪ್ಪು ತೆರೆಗಳ ಮೇಲೆ ಬಿಳಿ ಸಾಲುಗಳು ಓಡಿದವು. ಎಂಟು ಯಂತ್ರಗಳು ತಮ್ಮ ಹೆಸರನ್ನು ಕೂಗಿ, ಕತ್ತರಿಸಿ ಕೂಗಿ, ಇನ್ನೂ ಕತ್ತರಿಸಿ ಕೂಗಿ, ಏನೂ ಸಿಗದೆ ಡಿಫಾಲ್ಟಿಗೆ ಬಂದು ನಿಂತವು. ಐದನೆಯದಕ್ಕೆ ಮೊದಲ ಕೂಗಿಗೇ ತನ್ನ ಚೀಟಿ ಸಿಕ್ಕಿತು.

"ಆಹಾ, ಮೊದಲಿನ ಹಾಗಾಯ್ತು," ಎಂದರು ಔಷಧಿ ಅಂಗಡಿಯವರು. ಸಾಲಿನ ಉದ್ದಕ್ಕೂ ನೆಮ್ಮದಿಯ ಉಸಿರು ಕೇಳಿಸಿತು.

ಹಿರಿಸೊಸೆ ನೋಡುತ್ತಿದ್ದುದು ಆರನೆಯ ಕುರ್ಚಿಯನ್ನು. ಮಾವ ಮುಖವನ್ನು ತೆರೆಯ ಹತ್ತಿರ ತಂದರು, ದೂರ ಒಯ್ದರು, ಓರೆ ಮಾಡಿದರು. ಆಮೇಲೆ ಬೆನ್ನನ್ನು ಕುರ್ಚಿಗೆ ಒರಗಿಸಿ, ಮನೆಯಲ್ಲಿ ಪೇಪರಿನ ಮುಂದೆ ಕೂರುತ್ತಿದ್ದ ಹಾಗೇ ಹದವಾಗಿ ಕೂತರು. ಒಂದು ಕೈ ಛತ್ರಿಯ ಹಿಡಿಯ ಮೇಲೆ ಹೋಯಿತು.

"ಇದೊಂದಕ್ಕೆ ಇನ್ನೂ ರೋಗ ಬಿಟ್ಟಿಲ್ಲ," ಎಂದರು ಮೇಷ್ಟ್ರು. ಅವರ ಮುಂದೆ ಅಂಗಡಿ ಬೋರ್ಡಿನಂಥ ಅಕ್ಷರಗಳು ಥಳಥಳಿಸುತ್ತಿದ್ದವು. ಸಾಲಿನವರೆಲ್ಲ ಕತ್ತು ಚಾಚಿದರು. "ಬನ್ನಿಯಮ್ಮ ಇಲ್ಲಿ. ಒಂದೂ ಬಿಡಬಾರದು ಅಂದಿದ್ದೆನಲ್ಲ."

"ಅದು," ಎಂದಳು ಹಿರಿಸೊಸೆ.

"ಬೇಕೂಂತಲೇ ಮಾಡಿದ್ದಾ? ಯಾರು ಹೇಳಿ ಮಾಡಿಸಿದ್ದು?"

ಮಾವನ ಹೆಸರು ಹೇಳಿದರೆ ಮಾವ ಎದ್ದು ಹೋಗುತ್ತಾರೆ. ಹೇಳದಿದ್ದರೆ ಚೀಟಿ ಹೋಗುತ್ತದೆ. ಅವಳು ಛತ್ರಿಯ ಮೇಲಿನ ಕೈಯನ್ನೊಮ್ಮೆ ನೋಡಿ, "ಯಾರೂ ಹೇಳಿಲ್ಲ ಮೇಷ್ಟ್ರೇ, ನನ್ನ ಕೈತಪ್ಪು," ಎಂದಳು.

"ಹಾಗಿದ್ರೆ ತೆಗೆದುಹಾಕಿ. ಈಗಲೇ."

ಅವಳು ಹಿಂದಿನ ಕೋಣೆಯ ಕಡೆ ತಿರುಗಿದಳು. ಹಿಂದೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಹೊರಟರು, ಅಂದುಕೊಂಡಳು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

"ಇರಮ್ಮ, ತೆಗೀಬೇಡ," ಎಂದರು ಮಾವ.

ಅವಳು ತಿರುಗಿದಳು. ಮಾವ ಎದ್ದು ನಿಂತಿದ್ದರು, ಛತ್ರಿ ಕೈಯಲ್ಲೇ ಇತ್ತು, ಆದರೆ ಮುಖ ಬಾಗಿಲ ಕಡೆಗಿರಲಿಲ್ಲ.

"ಮೇಷ್ಟ್ರೇ, ಆ ಯಂತ್ರ ಹಾಗಿರೋದು ನನಗೋಸ್ಕರ. ನಮ್ಮ ಸೊಸೆ ಮಾಡಿಸಿದ್ದು. ನನಗೆ ಸಣ್ಣಕ್ಷರ ಕಾಣಲ್ಲ."

ದರ್ಜಿ ಕುರ್ಚಿಯಲ್ಲೇ ತಿರುಗಿ, "ಮತ್ತೆ ದಿನಾ ಪೇಪರು ಓದಿದವರ ಹಾಗೆ ಮಾತಾಡ್ತಿದ್ರಲ್ಲ ಯಜಮಾನರೇ, ನೀರಿನ ಟ್ಯಾಂಕಿನದ್ದು?" ಎಂದ.

"ನೀನು ಓದಿ ಹೇಳಿದ್ದನ್ನೇ ನಿನಗೆ ಹೇಳ್ತಿದ್ದೆ ಕಣಯ್ಯ. ನಿನಗೆ ಗೊತ್ತಾಗಲಿಲ್ಲ, ಅದಕ್ಕೆ ನಾನೇನು ಮಾಡಲಿ."

ಲೆಕ್ಚರರು ಮೊದಲು ನಕ್ಕರು. ಬೆಳಗಿನಿಂದ ತಲೆ ತಗ್ಗಿಸಿ ಕೂತವರು ಅವರೇ ಆಗಿದ್ದರಿಂದ, ನಗುವುದಕ್ಕೆ ಬೇರೊಂದು ಸಿಕ್ಕಿದ್ದು ಅವರಿಗೆ ದೊಡ್ಡ ಉಪಕಾರವಾಗಿತ್ತು. ದರ್ಜಿಯೂ ನಕ್ಕ. ಮಾವ ನಗಲಿಲ್ಲ. ಕಿವಿಯ ತುದಿ ಕೆಂಪಗಾಗಿತ್ತು. ಆದರೂ ನಿಂತ ಜಾಗದಿಂದ ಕದಲಲಿಲ್ಲ.

"ಅದು ಆ ಜಾಗದಲ್ಲಿ ಹಾಗೇ ಇರುತ್ತಾ?" ಎಂದು ಮೇಷ್ಟ್ರು ಹಿರಿಸೊಸೆಯನ್ನು ಕೇಳಿದರು. ದನಿ ತಗ್ಗಿತ್ತು.

"ಅದೊಂದೇ ಮೇಷ್ಟ್ರೇ. ಬೇರೆ ಯಾವುದಕ್ಕೂ ಆಗಲ್ಲ ಇನ್ನು. ಹೆಸರು ಪೂರ್ತಿ ಮಾಡಿದೀನಿ."

"ಗಲಾಟೆ?"

"ಹೆಡ್‌ಫೋನ್ ಇದೆ."

ಮೇಷ್ಟ್ರು ಹೂಂ ಎಂದರು, ಆದರೆ ಏಳಲಿಲ್ಲ. ಕಣ್ಣು ತೆರೆಯ ಮೇಲೇ ಇತ್ತು. ಅವರೂ ವಾಚಕರ ಪತ್ರಗಳನ್ನು ತೆರೆದು ಕೂತಿದ್ದರು.

"ಏಳಿ ಮೇಷ್ಟ್ರೇ," ಎಂದರು ಮಾವ. "ಜಗಳ ಅರ್ಧಕ್ಕೆ ನಿಂತಿದೆ. ನಾಳೆ ನಾಡಿದ್ದು ಬಂದು ಓದೋ ಜಾತಿಯಲ್ಲ ನಾನು."

ಮೇಷ್ಟ್ರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಮಾವ ಛತ್ರಿಯನ್ನು ಸೊಸೆಯ ಕೈಗೆ ಕೊಟ್ಟು ಕೂತರು. ಬೆರಳಿನಿಂದ ಪುಟ ಮೇಲೆ ತಳ್ಳುತ್ತ, ಹಸಿರಿನವನ ಪತ್ರ ಹುಡುಕಿ, ನಿಂತ ಜಾಗಕ್ಕೆ ಬಂದರು. ಹೋಗುವುದೋ ಇರುವುದೋ ತಿಳಿಯದೆ ಮೇಷ್ಟ್ರು ಅವರ ಹಿಂದೆಯೇ ನಿಂತಿದ್ದರು. ಆ ಕಡೆ ದರ್ಜಿ, ಈ ಕಡೆ ಔಷಧಿ ಅಂಗಡಿಯವರು ಕುರ್ಚಿ ಸಮೇತ ಹತ್ತಿರ ಸರಿದಿದ್ದರು.

"ಗೋಡೆಗೇ ಏನಂತೆ?" ಎಂದು ಮೇಷ್ಟ್ರು ಬಗ್ಗಿ ಪಿಸುಗುಟ್ಟಿದರು.

"ತಾಳಿ ಮೇಷ್ಟ್ರೇ," ಎಂದರು ಮಾವ, ಕಣ್ಣು ಎತ್ತದೆ. "ಓದ್ತಾ ಇದೀನಿ."